ರೆಕ್ಕೆ ಮುಚ್ಚುವ ಮುನ್ನ: ಮನೆಯಲ್ಲಿ ಕಟ್ಟುವ ವಿಮಾನದ ವೈರಿಂಗ್

ಹೊಸ ಮನೆಗೆ ಮೋಲ್ಡ್ ಹಾಕುವ ಹಿಂದಿನ ದಿನ ಸೈಟಿನಲ್ಲಿ ಎಲೆಕ್ಟ್ರಿಷಿಯನ್ ಹೇಳಿದ್ದೇ ಮಾತು. ಕಂಬಿ ಕಟ್ಟಿ ಮುಗಿದ ಮೇಲೆ ಅವನು ಪಿವಿಸಿ ಪೈಪು ಹಾಸುತ್ತಾನೆ, ಫ್ಯಾನ್ ಬಾಕ್ಸು ಕೂರಿಸುತ್ತಾನೆ, ಸಿಮೆಂಟು ನುಗ್ಗದಂತೆ ಪೈಪಿನ ಬಾಯಿಗೆ ಕಾಗದ ತುರುಕಿ ಹೋಗುತ್ತಾನೆ. ಮಾರನೆಯ ದಿನ ಕಾಂಕ್ರೀಟು ಬಿದ್ದ ಮೇಲೆ ಮರೆತದ್ದು ಮರೆತದ್ದೇ. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಆ ದಿನದ ಚಡಪಡಿಕೆ ಗೊತ್ತಿರುತ್ತದೆ.

ವಿಮಾನದ ರೆಕ್ಕೆಯೊಳಗೆ ವೈರು ಎಳೆಯುವುದೂ ಇಂಥದೇ ಕೆಲಸ. ಅಸ್ಥಿಪಂಜರ ತೆರೆದಿರುವಾಗ ಕೈ ಎಲ್ಲೆಡೆ ಆಡುತ್ತದೆ, ಕಣ್ಣಿಗೆ ಎಲ್ಲವೂ ಕಾಣುತ್ತದೆ. ಮೇಲಿನ ಹೊದಿಕೆ ಬಿದ್ದ ಮೇಲೆ ಒಳಗಿನ ವೈರು ಇಪ್ಪತ್ತು ಮೂವತ್ತು ವರ್ಷ ಕತ್ತಲೆಯಲ್ಲೇ ಇರುತ್ತದೆ. ಮನೆಯ ಗೋಡೆಯನ್ನಾದರೂ ಒಡೆದು ಪ್ಲಾಸ್ಟರ್ ಮಾಡಬಹುದು. ರೆಕ್ಕೆಯನ್ನು ಹಾಗೆ ಒಡೆಯುವಂತಿಲ್ಲ. ಮನೆಯ ಗೋಡೆ ಅಲುಗುವುದಿಲ್ಲ. ರೆಕ್ಕೆ ಹಾರಾಟದುದ್ದಕ್ಕೂ ಬಾಗುತ್ತದೆ, ಎಂಜಿನ್ನಿನ ನಡುಕಕ್ಕೆ ಅದುರುತ್ತದೆ. ಬಹಳಷ್ಟು ವಿಮಾನಗಳಲ್ಲಿ ಪೆಟ್ರೋಲ್ ಟ್ಯಾಂಕು ಇರುವುದೂ ರೆಕ್ಕೆಯಲ್ಲೇ.

ಮನೆಯಲ್ಲಿ ಕಟ್ಟುವ ವಿಮಾನ ಯಾವುದು?

ಕಾರ್ಖಾನೆಯಲ್ಲಿ ತಯಾರಾಗಿ ಬಾರದೆ, ಹವ್ಯಾಸಿಯೊಬ್ಬರು ನಕ್ಷೆ ನೋಡಿಯೋ ಬಿಡಿಭಾಗಗಳ ಕಿಟ್ ತರಿಸಿಯೋ ಸ್ವಂತ ಕೈಯಿಂದ ಕಟ್ಟುವ ಸಣ್ಣ ವಿಮಾನಕ್ಕೆ ಈ ಹೆಸರು. ಅಮೆರಿಕದ ನಿಯಮದಂತೆ ನಿರ್ಮಾಣದ ಹೆಚ್ಚಿನ ಪಾಲು, ಅಂದರೆ ಅರ್ಧಕ್ಕಿಂತ ಜಾಸ್ತಿ ಕೆಲಸ, ಹವ್ಯಾಸಿಯದೇ ಆಗಿರಬೇಕು. ಅಲ್ಲಿನವರು ಇದನ್ನು ಶೇಕಡಾ 51ರ ನಿಯಮ ಎನ್ನುತ್ತಾರೆ. ಭಾರತದಲ್ಲಿ ಹೆಚ್ಚು ಸುದ್ದಿಯಾದ ಸಾಹಸ ಮುಂಬೈನ ಪೈಲಟ್ ಅಮೋಲ್ ಯಾದವ್ ಅವರದು. ತಮ್ಮ ಮನೆಯ ತಾರಸಿಯ ಮೇಲೆ ಅವರು ಕಟ್ಟಿದ ಆರು ಆಸನದ ವಿಮಾನ 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ನಿಂತಿತು. ದೇಶದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನೋಂದಣಿ ಸಿಕ್ಕಿದ್ದು 2017ರಲ್ಲಿ.

ಬೆಂಗಳೂರಿಗೂ ಈ ವಿದ್ಯೆಗೂ ಇರುವ ನಂಟು ಅದಕ್ಕಿಂತ ಹಳೆಯದು. ಅಮೆರಿಕದ ವಿನ್ಯಾಸಕಾರ ಬರ್ಟ್ ರುಟಾನ್ ಹವ್ಯಾಸಿಗಳಿಗೆಂದೇ 1979ರಲ್ಲಿ ‘ಲಾಂಗ್-ಈಜಿ’ ಎಂಬ ವಿಮಾನ ರೂಪಿಸಿದರು. ಫೋಮ್ ಕತ್ತರಿಸಿ ಆಕಾರ ಕೊಟ್ಟು, ಮೇಲೆ ಗಾಜಿನ ನಾರು ಮತ್ತು ಎಪಾಕ್ಸಿ ಹಚ್ಚಿ ರೆಕ್ಕೆ ಮಾಡುವ ವಿಧಾನ ಅದರದು. ಆ ವಿನ್ಯಾಸವನ್ನೇ ಆಧರಿಸಿ 1980ರ ದಶಕದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಪ್ರೊಫೆಸರ್ ರುಸ್ತುಂ ದಮಾನಿಯಾ ಅವರ ನೇತೃತ್ವದ ತಂಡ ಹಗುರ ಸಂಶೋಧನಾ ವಿಮಾನವೊಂದನ್ನು ಕಟ್ಟಿತು. ಮುಂದೆ ಡಿಆರ್‌ಡಿಒ ಅದೇ ವಂಶದಿಂದ ಪೈಲಟ್ ರಹಿತ ವಿಮಾನ ಮಾಡಿದಾಗ, ತೀರಿಕೊಂಡಿದ್ದ ದಮಾನಿಯಾ ಅವರ ನೆನಪಿಗೆ ‘ರುಸ್ತುಂ’ ಎಂದು ಹೆಸರಿಟ್ಟರು. ರುಸ್ತುಂ-1 ಯಶಸ್ವಿಯಾಗಿ ಹಾರಿದ್ದು 2010ರ ಅಕ್ಟೋಬರ್ 16ರಂದು, ಹೊಸೂರಿನ ಏರ್‌ಸ್ಟ್ರಿಪ್‌ನಲ್ಲಿ. ಹವ್ಯಾಸಿಗಳ ಗ್ಯಾರೇಜಿಗೆಂದು ಬರೆದ ನಕ್ಷೆಯೊಂದು ಬೆಂಗಳೂರಿಗೆ ಬಂದು ದೇಶದ ರಕ್ಷಣಾ ಯೋಜನೆಗೆ ಅಡಿಪಾಯವಾದ ಕಥೆ ಇದು. ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಎನ್‌ಎಎಲ್‌ನದೇ ‘ಹಂಸ’ ಎರಡು ಆಸನದ ತರಬೇತಿ ವಿಮಾನ. ನಾರು-ಎಪಾಕ್ಸಿಯ ಮೈ ಇರುವ ಅದು ಮೊದಲು ಹಾರಿದ್ದು 1993ರ ನವೆಂಬರ್ 17ರಂದು. ಫ್ರೆಂಚ್ ವಿನ್ಯಾಸಕಾರ ಜೋಯೆಲ್ ಕೋಕ್ಲಿನ್ ಬೆಂಗಳೂರಿನಲ್ಲಿ ಕಟ್ಟಿದ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪನಿ ‘ಎಕ್ಸ್-ಏರ್’ ಎಂಬ ಕಿಟ್ ವಿಮಾನವನ್ನು ಹೊರದೇಶಗಳಿಗೂ ಕಳಿಸಿತು. ಅಲ್ಯೂಮಿನಿಯಂ ಕೊಳವೆಗಳ ಮೇಲೆ ಬಟ್ಟೆ ಬಿಗಿದ ರೆಕ್ಕೆ ಅದರದು. ಹೀಗೆ ನಾರಿನ ರೆಕ್ಕೆ, ಬಟ್ಟೆಯ ರೆಕ್ಕೆ ಎರಡನ್ನೂ ಈ ಊರಿನ ಕೈಗಳು ಬಲ್ಲವು. ಇನ್ನು ಲೋಹದ ರೆಕ್ಕೆಯಂತೂ ವಿಮಾನ ಕಾರ್ಖಾನೆ ಎಚ್‌ಎಎಲ್ ಶುರುವಾದ 1940ರಿಂದ ಇಲ್ಲಿಯದೇ. ನಗರದ ಪಶ್ಚಿಮ ದಿಕ್ಕಿಗೆ ಬಂದರೆ, ಪೀಣ್ಯದಲ್ಲಿ ಬೆಳೆದ ಡೈನಮ್ಯಾಟಿಕ್ ಟೆಕ್ನಾಲಜೀಸ್ ಏರ್‌ಬಸ್ ಎ320ರ ರೆಕ್ಕೆಗೆ ಬೇಕಾದ ಫ್ಲ್ಯಾಪ್ ಟ್ರ್ಯಾಕ್ ಬೀಮ್‌ಗಳನ್ನು ಮಾಡುತ್ತದೆ. ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಏರೋಸ್ಪೇಸ್ ವಿಭಾಗವಿದೆ. ಮಾದರಿ ವಿಮಾನದ ರೆಕ್ಕೆಯೊಳಗೆ ಸರ್ವೋ ವೈರು ಎಳೆದ ವಿದ್ಯಾರ್ಥಿಗೆ ಮುಂದೆ ಹೇಳುವ ಅರ್ಧ ವಿಷಯ ಆಗಲೇ ಕೈಗೆ ಗೊತ್ತಿರುತ್ತದೆ.

30×40 ಸೈಟಿನಲ್ಲಿ ರೆಕ್ಕೆ

ಬೆಂಗಳೂರಿನವರಿಗೆ ಅಳತೆ ಎಂದರೆ ಸೈಟಿನ ಅಳತೆ. ಲಾಂಗ್-ಈಜಿಯ ರೆಕ್ಕೆಗಳ ಒಟ್ಟು ಅಗಲ ಸುಮಾರು 26 ಅಡಿ, ಮೂತಿಯಿಂದ ಬಾಲದ ತನಕ ಸುಮಾರು 17 ಅಡಿ. ಬಸವೇಶ್ವರನಗರದ 30×40 ಸೈಟಿನ ಮೇಲೆ ಅದು ರೆಕ್ಕೆ ಚಾಚಿ ನಿಲ್ಲಬಹುದು. ಆದರೆ ಸೈಟು ಖಾಲಿ ಇರುವುದಿಲ್ಲ, ಅದರ ಮೇಲೆ ಮನೆ ಇರುತ್ತದೆ. ಕಾರ್ ಪಾರ್ಕಿಂಗಿನಲ್ಲಿ ಹಿಡಿಯುವುದು ಒಂದು ಸಲಕ್ಕೆ ಒಂದು ರೆಕ್ಕೆ. ಹಾಗಾಗಿ ಒಂದೊಂದು ರೆಕ್ಕೆಯನ್ನೂ ಬೇರೆಯಾಗಿ ಕಟ್ಟಿ, ಗೋಡೆಗೆ ಸ್ಟ್ಯಾಂಡ್ ಮಾಡಿ ನಿಲ್ಲಿಸುವುದೇ ರೂಢಿ.

ಹಾರಿಸುವುದು ಮನೆಯ ಹತ್ತಿರ ಆಗದ ಮಾತು. ಪಶ್ಚಿಮ ಬೆಂಗಳೂರಿನಲ್ಲಿ ರನ್‌ವೇ ಇಲ್ಲ. ಸಣ್ಣ ವಿಮಾನಗಳ ಜಕ್ಕೂರು ಏರೋಡ್ರೋಮ್ ಇರುವುದು ನಗರದ ಉತ್ತರಕ್ಕೆ. ವಿಮಾನದ ಮೈ ಒಂದು ಲಾರಿಯಲ್ಲಿ, ರೆಕ್ಕೆಗಳು ಇನ್ನೊಂದರಲ್ಲಿ ಹೋಗಬೇಕು. ಅಲ್ಲಿ ಹ್ಯಾಂಗರಿನಲ್ಲಿ ಮತ್ತೆ ಸೇರಬೇಕು. ಅಂದರೆ ರೆಕ್ಕೆಯ ಬುಡದಲ್ಲಿ ಪ್ರತಿ ವೈರೂ ಕಳಚುವಂತಿರಬೇಕು, ಮತ್ತೆ ಸರಿಯಾಗಿ ಕೂಡುವಂತಿರಬೇಕು. ಇಡೀ ವೈರಿಂಗಿನ ಯೋಜನೆ ಶುರುವಾಗುವುದು ಈ ಒಂದು ಜಾಗದಿಂದ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಟ್ಟುವುದು ನಮ್ಮ ಮನೆಯಲ್ಲಾದರೂ ಹಾರುವುದು ದೇಶದ ಆಕಾಶದಲ್ಲಿ. ಡಿಜಿಸಿಎ ಅನುಮತಿ ಇಲ್ಲದೆ ವಿಮಾನ ಮೇಲೇರುವಂತಿಲ್ಲ. ಮೊದಲ ರಿವೆಟ್ ಹೊಡೆಯುವ ಮುಂಚೆಯೇ ಅವರ ನಿಯಮ ಓದಿ, ಪತ್ರ ವ್ಯವಹಾರ ಶುರುಮಾಡಬೇಕು.

ರೆಕ್ಕೆಯೊಳಗೆ ಅಷ್ಟೊಂದು ವೈರು ಯಾಕೆ?

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ. ಶಾಲೆಯ ಪ್ರವಾಸದಲ್ಲಿ ನೋಡಿದವರಿಗೆ ಎರಡು ಹಂತದ ರೆಕ್ಕೆಗಳ ನಡುವೆ ಬಿಗಿದ ತಂತಿಗಳು ನೆನಪಿರಬಹುದು. ಅವೆಲ್ಲ ರೆಕ್ಕೆಯನ್ನು ಬಿಗಿಯಾಗಿಡಲು, ತಿರುಚಲು ಇದ್ದ ತಂತಿಗಳು. ಇವತ್ತಿನ ಸಣ್ಣ ವಿಮಾನದ ರೆಕ್ಕೆ ತಂತಿಯ ಜೊತೆ ಕರೆಂಟನ್ನೂ ಹೊರುತ್ತದೆ.

ಮೊದಲನೆಯದು ತುದಿಯ ದೀಪ. ಎಡ ತುದಿಗೆ ಕೆಂಪು, ಬಲ ತುದಿಗೆ ಹಸಿರು, ಹಿಂದಕ್ಕೆ ಬಿಳಿ. ಕೆಂಪು, ಹಸಿರು ಎರಡೂ ನೇರ ಮುಂದಿನಿಂದ ಹಿಡಿದು ಪಕ್ಕಕ್ಕೆ 110 ಡಿಗ್ರಿ ಕಾಣಬೇಕು. ಉಳಿದ 140 ಡಿಗ್ರಿ ಹಿಂದಿನ ಬಿಳಿ ದೀಪದ್ದು. ರಾತ್ರಿ ಎದುರಿನ ವಿಮಾನದ ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಅದು ನಮ್ಮ ಕಡೆಗೇ ಬರುತ್ತಿದೆ ಎಂದರ್ಥ. ಎಡಬಲದ ವೈರು ಅದಲು ಬದಲಾಗುವುದು ಸಣ್ಣ ತಪ್ಪಲ್ಲ ಎನ್ನಲು ಇಷ್ಟೇ ಸಾಕು. ಅದೇ ತುದಿಯಲ್ಲಿ ಮಿಣುಗುವ ಸ್ಟ್ರೋಬ್ ಇರುತ್ತದೆ, ಮುಂಭಾಗದಲ್ಲಿ ಲ್ಯಾಂಡಿಂಗ್ ದೀಪ.

ಆಮೇಲೆ ಪಿಟೊ ಕೊಳವೆ. ಗಾಳಿಯ ಒತ್ತಡ ಹಿಡಿದು ವೇಗ ತೋರಿಸುವ ಈ ಕೊಳವೆ ಹಿಮಗಟ್ಟದಂತೆ ಒಳಗೆ ಹೀಟರ್ ಇರುತ್ತದೆ. ರೆಕ್ಕೆಯಲ್ಲಿ ಅತಿ ಹೆಚ್ಚು ಕರೆಂಟು ಕುಡಿಯುವುದು ಬಹುತೇಕ ಇದೇ. ಮುಂದಿನ ಅಂಚಿನಲ್ಲಿ, ರೆಕ್ಕೆ ಹಿಡಿತ ಕಳೆದುಕೊಳ್ಳುವ ಮುಂಚೆ ಎಚ್ಚರಿಸುವ ಸ್ಟಾಲ್ ಸ್ವಿಚ್ಚು. ಟ್ಯಾಂಕಿನ ಪೆಟ್ರೋಲ್ ಮಟ್ಟ ಹೇಳುವ ಸೆಂಡರ್. ಆಟೋಪೈಲಟ್ ಇದ್ದರೆ ಅದರ ಮೋಟರ್. ವಿದ್ಯುತ್ ದಿಕ್ಸೂಚಿಯ ಸೆನ್ಸರನ್ನೂ ಕೆಲವರು ರೆಕ್ಕೆಯಲ್ಲಿಡುತ್ತಾರೆ, ಎಂಜಿನ್ನಿನ ಕಬ್ಬಿಣದಿಂದ ದೂರವಿರಲಿ ಎಂದು. ಆದರೆ ಕರೆಂಟು ಹರಿಯುವ ಪ್ರತಿ ವೈರಿನ ಸುತ್ತಲೂ ಕಾಂತಕ್ಷೇತ್ರವಿದೆ; ದೀಪದ ವೈರು ಆ ಸೆನ್ಸರಿನ ಪಕ್ಕ ಹಾದರೆ ದೀಪ ಹಾಕಿದಾಗಲೆಲ್ಲ ದಿಕ್ಕು ಸರಿಯುತ್ತದೆ. ಹೋಗುವ ವೈರನ್ನೂ ಬರುವ ವೈರನ್ನೂ ಜಡೆಯಂತೆ ಹೆಣೆದರೆ ಎರಡರ ಕಾಂತಕ್ಷೇತ್ರ ಒಂದನ್ನೊಂದು ಕಳೆಯುತ್ತದೆ. ಸೆನ್ಸರನ್ನು ದೀಪದಿಂದ ದೂರ ಇಡುವುದು ಅದಕ್ಕಿಂತ ಒಳ್ಳೆಯದು.

ಯಾವ ವೈರು?

ಮನೆಗೆ ತರುವ ವೈರನ್ನು ನಾವು ಸ್ಕ್ವೇರ್ ಮಿಲಿಮೀಟರಿನಲ್ಲಿ ಕೇಳುತ್ತೇವೆ: ದೀಪಕ್ಕೆ ಒಂದು, ಪ್ಲಗ್ಗಿಗೆ ಎರಡೂವರೆ. ವಿಮಾನದವರ ಭಾಷೆ ಅಮೆರಿಕನ್ ಗೇಜ್. ಸಂಖ್ಯೆ ಹೆಚ್ಚಿದಂತೆ ವೈರು ತೆಳ್ಳಗಾಗುತ್ತದೆ. 22 ಗೇಜ್ ಎಂದರೆ ಸುಮಾರು 0.33 ಸ್ಕ್ವೇರ್ ಮಿ.ಮೀ., 20 ಎಂದರೆ 0.52, 18 ಎಂದರೆ 0.82, 14 ಎಂದರೆ 2.08.

ಎಸ್.ಪಿ. ರಸ್ತೆಯಲ್ಲಿ ಸಿಗುವ ಮನೆ ವೈರನ್ನೇ ರೆಕ್ಕೆಗೆ ಹಾಕಿದರೆ ಏನು ತೊಂದರೆ? ಅದರ ಹೊದಿಕೆ ಪಿವಿಸಿ. ಸಾಮಾನ್ಯ ಪಿವಿಸಿ 70 ಡಿಗ್ರಿಯವರೆಗಿನ ಬಿಸಿಗಷ್ಟೇ ಬಾಳುತ್ತದೆ, ಹೊತ್ತಿದರೆ ಕಾರುವುದು ವಿಷದ ಹೊಗೆ. ಕಾಕ್‌ಪಿಟ್‌ನಲ್ಲಿ ಕಿಟಕಿ ತೆಗೆದು ಹೊರಗೆ ಓಡುವಂತಿಲ್ಲ. ವಿಮಾನ ಕಟ್ಟುವವರು ಬಳಸುವುದು ಮಿಲ್-ಡಬ್ಲ್ಯು-22759/16 ಎಂಬ ಮಾನದಂಡದ ವೈರು. ತವರ ಲೇಪಿಸಿದ ತಾಮ್ರದ ಹತ್ತೊಂಬತ್ತು ಎಳೆ, ಮೇಲೆ ಟೆಫ್ಜೆಲ್ ಎಂಬ ಪ್ಲಾಸ್ಟಿಕ್ಕಿನ ಹೊದಿಕೆ. 150 ಡಿಗ್ರಿ, 600 ವೋಲ್ಟ್ ತಡೆಯುತ್ತದೆ. ಹೊದಿಕೆ ತೆಳ್ಳಗಿರುವುದರಿಂದ ಹಗುರ, ಗಟ್ಟಿಯಾಗಿರುವುದರಿಂದ ಬೇಗ ಸವೆಯುವುದಿಲ್ಲ. ಬೆಲೆ ಹೆಚ್ಚು. ರೆಕ್ಕೆಯಲ್ಲಿ ಉಳಿತಾಯ ಮಾಡಲು ಹೊರಟರೆ ಬೇರೆಲ್ಲಾದರೂ ಮಾಡಿ, ಇಲ್ಲಿ ಬೇಡ.

ಫ್ಯೂಸು, ಬ್ರೇಕರುಗಳ ವಿಷಯದಲ್ಲಿ ಮನೆಯಲ್ಲೂ ವಿಮಾನದಲ್ಲೂ ಜನ ಮಾಡುವ ತಪ್ಪು ಒಂದೇ. ಬ್ರೇಕರ್ ಇರುವುದು ದೀಪವನ್ನು ಕಾಪಾಡಲು ಎಂದುಕೊಳ್ಳುತ್ತಾರೆ. ಅದು ಕಾಪಾಡುವುದು ವೈರನ್ನು. ಅಮೆರಿಕದ ವಿಮಾನಯಾನ ಇಲಾಖೆಯ ಎಸಿ 43.13-1ಬಿ ಎಂಬ ಕೈಪಿಡಿ ಲೋಕದ ಹವ್ಯಾಸಿಗಳಿಗೆಲ್ಲ ಆಧಾರ. ಅದರಂತೆ 22 ಗೇಜಿಗೆ 5 ಆಂಪಿಯರ್ ಬ್ರೇಕರ್, 20ಕ್ಕೆ 7.5, 18ಕ್ಕೆ 10, 14ಕ್ಕೆ 20. ಪದೇ ಪದೇ ಟ್ರಿಪ್ ಆಗುತ್ತದೆಂದು ದೊಡ್ಡ ಬ್ರೇಕರ್ ಹಾಕಿದರೆ, ಫ್ಯೂಸಿನ ಕೆಲಸವನ್ನು ರೆಕ್ಕೆಯೊಳಗಿನ ವೈರು ಮಾಡುತ್ತದೆ.

ಒಂದು ದೀಪದ ಲೆಕ್ಕ

ಸಣ್ಣ ವಿಮಾನದ ಬ್ಯಾಟರಿ 12 ವೋಲ್ಟಿನದು. ಎಂಜಿನ್ ಓಡುವಾಗ ಸುಮಾರು 14 ವೋಲ್ಟ್ ಇರುತ್ತದೆ. ಮನೆಯ 230 ವೋಲ್ಟಿನಲ್ಲಿ ಅರ್ಧ ವೋಲ್ಟ್ ದಾರಿಯಲ್ಲಿ ಕಳೆದುಹೋದರೆ ಯಾರಿಗೂ ತಿಳಿಯುವುದಿಲ್ಲ. ಹದಿನಾಲ್ಕರಲ್ಲಿ ಅರ್ಧ ಹೋದರೆ ತಿಳಿಯುತ್ತದೆ. ಅದಕ್ಕೇ 14 ವೋಲ್ಟಿನ ವ್ಯವಸ್ಥೆಯಲ್ಲಿ ಸದಾ ಉರಿಯುವ ಸಾಧನಕ್ಕೆ ವೈರಿನಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್ ಮೀರಬಾರದು, ಆಗೊಮ್ಮೆ ಈಗೊಮ್ಮೆ ಬಳಸುವುದಕ್ಕೆ ಒಂದು ವೋಲ್ಟ್ ಎಂದು ಅದೇ ಕೈಪಿಡಿ ಹೇಳುತ್ತದೆ.

ಪ್ಯಾನೆಲ್‌ನಿಂದ ರೆಕ್ಕೆಯ ತುದಿಗೆ ವೈರಿನ ದಾರಿ 5 ಮೀಟರ್ ಎಂದುಕೊಳ್ಳೋಣ. ತುದಿಯ ಎಲ್‌ಇಡಿ ಒಂದು ಆಂಪಿಯರ್ ಕೇಳುತ್ತದೆ. 22 ಗೇಜಿನ ವೈರಿಗೆ ಮೀಟರಿಗೆ ಸುಮಾರು 0.053 ಓಮ್ ತಡೆ. ಐದು ಮೀಟರಿಗೆ 0.265 ಓಮ್, ಒಂದು ಆಂಪಿಯರಿಗೆ ಕಾಲು ವೋಲ್ಟಿಗಿಂತ ತುಸು ಹೆಚ್ಚು ನಷ್ಟ. ಅಲ್ಯೂಮಿನಿಯಂ ರೆಕ್ಕೆಯಾದರೆ ಲೆಕ್ಕ ಇಲ್ಲಿಗೇ ಮುಗಿಯುತ್ತದೆ, ಏಕೆಂದರೆ ಕರೆಂಟು ಮರಳಿ ಬರುವುದು ರೆಕ್ಕೆಯ ಲೋಹದ ಮೂಲಕವೇ. ನಾರಿನ ರೆಕ್ಕೆಯಲ್ಲಿ ಗಾಜಿನ ನಾರು ಕರೆಂಟು ಹೊರುವುದಿಲ್ಲ. ಮರಳಿ ಬರಲು ಇನ್ನೊಂದು ವೈರು ಬೇಕು. ದಾರಿ ಹತ್ತು ಮೀಟರ್ ಆಯಿತು, ನಷ್ಟ 0.53 ವೋಲ್ಟ್ ಆಯಿತು. ಮಿತಿ ದಾಟಿತು. 20 ಗೇಜಿಗೆ ಹೋದರೆ ನಷ್ಟ 0.33ಕ್ಕೆ ಇಳಿಯುತ್ತದೆ.

ಅದೇ ದೀಪ, ಅಷ್ಟೇ ದೂರ. ರೆಕ್ಕೆ ಬದಲಾದದ್ದಕ್ಕೆ ವೈರು ಬದಲಾಯಿತು. ಇನ್ನೊಬ್ಬರ ವಿಮಾನದ ನಕ್ಷೆಯಿಂದ ಗೇಜು ನಕಲು ಮಾಡಬಾರದು ಎನ್ನುವುದು ಇದಕ್ಕೇ. ಹತ್ತು ಆಂಪಿಯರ್ ಕೇಳುವ ಪಿಟೊ ಹೀಟರಿಗಂತೂ ಲೋಹದ ರೆಕ್ಕೆಯಲ್ಲೂ 14 ಗೇಜಿನ ಹತ್ತಿರ ಹೋಗಬೇಕಾಗುತ್ತದೆ. ಆಗ ಐದು ಮೀಟರಿಗೆ ನಷ್ಟ 0.4 ವೋಲ್ಟ್ ಆಸುಪಾಸು.

ನಾರಿನ ರೆಕ್ಕೆಗೆ ಒಂದು ವರವೂ ಇದೆ. ಗಾಜಿನ ನಾರು ರೇಡಿಯೋ ಅಲೆಗಳನ್ನು ತಡೆಯುವುದಿಲ್ಲವಾದ್ದರಿಂದ ಆಂಟೆನಾವನ್ನು ರೆಕ್ಕೆಯೊಳಗೇ ಅಡಗಿಸಬಹುದು. ಲಾಂಗ್-ಈಜಿ ಕಟ್ಟುವವರು ತಾಮ್ರದ ಪಟ್ಟಿ ಅಂಟಿಸಿ ಆಂಟೆನಾ ಮಾಡಿ ಅದರ ಮೇಲೆ ನಾರು ಹಚ್ಚಿಬಿಡುತ್ತಾರೆ. ಹೊರಗೆ ಗಾಳಿಗೆ ಅಡ್ಡವಾಗಿ ಏನೂ ಚಾಚಿಕೊಂಡಿರುವುದಿಲ್ಲ. ಲೋಹದ ರೆಕ್ಕೆಯವರಿಗೆ ಈ ಭಾಗ್ಯ ಫೈಬರ್ ತುದಿಯಲ್ಲಿ ಮಾತ್ರ.

ವೈರಿನ ದಾರಿ

ರೆಕ್ಕೆಯ ಬೆನ್ನೆಲುಬು ಸ್ಪಾರ್. ಅದಕ್ಕೆ ಅಡ್ಡಲಾಗಿ ನಿಂತ ಪಕ್ಕೆಲುಬುಗಳು ರಿಬ್‌ಗಳು. ವೈರು ಬುಡದಿಂದ ತುದಿಗೆ ಹೋಗಬೇಕಾದರೆ ಪ್ರತಿ ರಿಬ್ಬನ್ನೂ ತೂರಬೇಕು. ನಕ್ಷೆ ಹೇಳಿದ ಜಾಗದಲ್ಲಿ, ಹೇಳಿದ ಅಳತೆಯಲ್ಲಿ ಮಾತ್ರ ತೂತು ಕೊರೆಯಬೇಕು. ಸ್ಪಾರಿನ ಮೇಲಂಚು, ಕೆಳಂಚುಗಳಿಗೆ ಡ್ರಿಲ್ ಮುಟ್ಟಿಸಲೇಬಾರದು. ರೆಕ್ಕೆ ಬಾಗುವಾಗ ಬಹುಪಾಲು ಭಾರ ಹೊರುವುದು ಆ ಅಂಚುಗಳೇ.

ತೆಳು ಅಲ್ಯೂಮಿನಿಯಂ ತೂತಿನ ಅಂಚು ಬ್ಲೇಡಿದ್ದಂತೆ. ಬರಿಯ ವೈರು ಅದರ ಮೇಲೆ ಕೂತರೆ ನೂರು ಗಂಟೆಯ ನಡುಕ ಹೊದಿಕೆಯನ್ನು ಕೊಯ್ಯಲು ಸಾಕು. ಹಾಗಾಗಿ ಪ್ರತಿ ತೂತಿಗೂ ನೈಲಾನ್ ಬುಷ್ ಕೂರಿಸಬೇಕು. ಕೆಲವರು ಬುಷ್‌ಗಳ ಬದಲು ಬುಡದಿಂದ ತುದಿಯವರೆಗೆ ಹಗುರವಾದ ಪ್ಲಾಸ್ಟಿಕ್ ಪೈಪನ್ನೇ ತೂರಿಸುತ್ತಾರೆ. ನನ್ನ ಒಲವು ಪೈಪಿನ ಕಡೆಗೆ. ತೂಕ ಸ್ವಲ್ಪ ಹೆಚ್ಚಾಗಬಹುದು, ಆದರೆ ಹತ್ತು ವರ್ಷದ ನಂತರ ಹೊಸ ವೈರು ಎಳೆಯುವ ದಾರಿ ತೆರೆದಿರುತ್ತದೆ. ಫೋಮ್ ರೆಕ್ಕೆಯಲ್ಲಿ ಬೇರೆ ಆಯ್ಕೆಯೇ ಇಲ್ಲ. ನಾರು ಹಚ್ಚುವ ಮುಂಚೆ ಫೋಮಿನೊಳಗೆ ದಾರಿ ಮಾಡಿರಬೇಕು.

ಉಳಿದ ಶಿಸ್ತು ಅಂಗುಲಗಳಲ್ಲಿದೆ. ಆಧಾರಗಳ ನಡುವೆ 24 ಅಂಗುಲಕ್ಕಿಂತ ಹೆಚ್ಚು ಅಂತರ ಬೇಡ. ಎರಡು ಆಧಾರಗಳ ಮಧ್ಯೆ ಕೈಯಿಂದ ಸಾಧಾರಣವಾಗಿ ಒತ್ತಿದರೆ ವೈರು ಅರ್ಧ ಅಂಗುಲಕ್ಕಿಂತ ಹೆಚ್ಚು ಜಗ್ಗಬಾರದು, ಆದರೆ ವೀಣೆಯ ತಂತಿಯಂತೆ ಬಿಗಿದೂ ಇರಬಾರದು. ಬಾಗುವ ರೆಕ್ಕೆಗೆ ಸಡಿಲ ಬೇಕು. ತಿರುವಿನ ತ್ರಿಜ್ಯ ವೈರುಕಟ್ಟಿನ ದಪ್ಪದ ಹತ್ತು ಪಟ್ಟಿರಲಿ. ರೆಕ್ಕೆಯ ಹಿಂದಂಚಿನಲ್ಲಿ ಆಡುವ ಏಲೆರಾನನ್ನು ಎಳೆಯುವ ಕೇಬಲಿನಿಂದ ಕನಿಷ್ಠ 3 ಅಂಗುಲ ದೂರ. ಏಲೆರಾನನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿ ನೋಡಬೇಕು. ನಿಂತಾಗ ದೂರವಿದ್ದ ಅದರ ತೋಳು ಆಡಿದಾಗ ವೈರಿನ ಪಕ್ಕಕ್ಕೇ ಬಂದಿರುತ್ತದೆ.

ಬಟ್ಟೆಯ ರೆಕ್ಕೆಯಲ್ಲಿ ವೈರನ್ನು ಕೊಳವೆಗೆ ಕಟ್ಟುತ್ತಾರೆ. ಪ್ಲಾಸ್ಟಿಕ್ ಟೈ ಸುಲಭ, ಆದರೆ ಕತ್ತರಿಸಿದ ಅದರ ತುದಿ ಪಕ್ಕದ ವೈರಿಗೆ ಮುಳ್ಳು. ಹಳಬರು ಮೇಣ ಹಚ್ಚಿದ ದಾರದಿಂದ ಅಂತರಂತರಕ್ಕೆ ಗಂಟು ಹಾಕುತ್ತಾರೆ. ಸಂಜೆ ವಿಜಯನಗರದ ಮಾರುಕಟ್ಟೆಯಲ್ಲಿ ಮಲ್ಲಿಗೆ ಕಟ್ಟುವವರ ಬೆರಳು ನೋಡಿದವರಿಗೆ ಈ ಕೆಲಸದ ಲಯ ಹೊಸದಲ್ಲ. ದಾರ ಹೂವನ್ನು ಹಿಡಿದಿರಬೇಕು, ಆದರೆ ತೊಟ್ಟನ್ನು ಕೊಯ್ಯಬಾರದು.

ಕ್ರಿಂಪ್: ಬಕೆಟ್ ಪರೀಕ್ಷೆ

ವೈರಿನ ತುದಿಗೆ ಟರ್ಮಿನಲ್ ಹಾಕುವುದು ಬೆಸುಗೆಯಿಂದಲೋ ಒತ್ತುವುದರಿಂದಲೋ? ರೇಡಿಯೋ ರಿಪೇರಿ ಕಲಿತವರು ಬೆಸುಗೆ ಎನ್ನುತ್ತಾರೆ. ರೆಕ್ಕೆಯಲ್ಲಿ ಮಾತ್ರ ಒತ್ತುವ ಕ್ರಿಂಪ್ ಮೇಲು. ಬೆಸುಗೆಯ ಸೀಸ ಹೀರಿದ ಎಳೆಗಳು ಒಂದೇ ಗಟ್ಟಿ ಕಡ್ಡಿಯಾಗುತ್ತವೆ. ಗಟ್ಟಿ ಭಾಗ ಮುಗಿದು ಮೆತ್ತನೆಯ ಭಾಗ ಶುರುವಾಗುವ ಗೆರೆಯಲ್ಲೇ ನಡುಕಕ್ಕೆ ಎಳೆ ಮುರಿಯುತ್ತದೆ. ಬೆಸುಗೆ ಹಾಕಲೇಬೇಕಾದ ಕಡೆ ಆ ಗೆರೆಗೆ ಚೆನ್ನಾಗಿ ಆಧಾರ ಕೊಡಬೇಕು.

ಒಳ್ಳೆಯ ಕ್ರಿಂಪನ್ನು ಮೇಜಿನ ಮೇಲೆ ಕಲಿಯಬೇಕು. 22 ಗೇಜಿನ ತುಂಡಿನಿಂದ ಕಾಲು ಅಂಗುಲದಷ್ಟು ಹೊದಿಕೆ ತೆಗೆಯಿರಿ. ಹತ್ತೊಂಬತ್ತು ಎಳೆಯೂ ಇವೆಯೇ, ಒಂದಕ್ಕಾದರೂ ಬ್ಲೇಡ್ ತಾಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಕೆಂಪು ಟರ್ಮಿನಲ್ 22ರಿಂದ 18 ಗೇಜಿಗೆ, ನೀಲಿ 16ರಿಂದ 14ಕ್ಕೆ, ಹಳದಿ 12ರಿಂದ 10ಕ್ಕೆ. ಎಳೆಗಳು ಕೊಳವೆಯ ಆಚೆ ಕೂದಲೆಳೆಯಷ್ಟು ಇಣುಕುವಂತೆ ತೂರಿಸಿ, ರ್‍ಯಾಚೆಟ್ ಇರುವ ಉಪಕರಣದಿಂದ ಒತ್ತಿ. ಪೂರ್ತಿ ಒತ್ತುವ ತನಕ ಆ ಉಪಕರಣ ಬಾಯಿ ಬಿಡುವುದಿಲ್ಲ. ಕೈ ಸೋತರೂ ಕ್ರಿಂಪ್ ಅರ್ಧವಾಗುವುದಿಲ್ಲ. ಒಳ್ಳೆಯ ಟರ್ಮಿನಲ್‌ನಲ್ಲಿ ಎರಡು ಹಿಡಿತ ಬೀಳುತ್ತವೆ: ಒಂದು ತಾಮ್ರದ ಮೇಲೆ, ಇನ್ನೊಂದು ಹೊದಿಕೆಯ ಮೇಲೆ. ಎರಡನೆಯದು ನಡುಕವನ್ನು ತಾಮ್ರಕ್ಕೆ ಮುಟ್ಟದಂತೆ ತಡೆಯುತ್ತದೆ.

ಈಗ ಪರೀಕ್ಷೆ. 22 ಗೇಜಿನ ಕ್ರಿಂಪ್ 15 ಪೌಂಡ್, ಅಂದರೆ ಏಳು ಕೆ.ಜಿ.ಗೆ ತುಸು ಕಡಿಮೆ ಎಳೆತ ತಾಳಬೇಕು ಎನ್ನುತ್ತದೆ ಮಾನದಂಡ. ಟರ್ಮಿನಲ್ಲನ್ನು ಮೊಳೆಗೆ ಸಿಕ್ಕಿಸಿ, ವೈರಿನ ಇನ್ನೊಂದು ತುದಿಗೆ ಬಕೆಟ್ ಕಟ್ಟಿ, ಬಕೆಟ್ಟೂ ನೀರೂ ಸೇರಿ ಏಳು ಕೆ.ಜಿ. ತೂಗುವಷ್ಟು ನೀರು ತುಂಬಿ. ನಿಂತರೆ ಪಾಸು. ಜಾರಿದರೆ ಆ ಟರ್ಮಿನಲ್ಲನ್ನು ಬಿಡಿಸಿ ಯಾಕೆ ಜಾರಿತೆಂದು ನೋಡಿ. 18 ಗೇಜಿಗೆ ಈ ತೂಕ ಹದಿನೇಳು ಕೆ.ಜಿ. ದಾಟುತ್ತದೆ. ಹತ್ತು ತುಂಡು ಸತತವಾಗಿ ನಿಂತ ಮೇಲೆ ರೆಕ್ಕೆಗೆ ಕೈ ಹಾಕುವುದು ಒಳ್ಳೆಯದು.

ಬುಡದ ಕನೆಕ್ಟರ್

ಲಾರಿಯಲ್ಲಿ ಹೋಗಿ ಬರುವ ರೆಕ್ಕೆಗೆ ಇದು ಜೀವನಾಡಿ. ಎಡ ರೆಕ್ಕೆಯ ಪ್ಲಗ್ಗು ಬಲಕ್ಕೆ ಕೂರದಂತೆ, ತಲೆಕೆಳಗಾಗಿಯೂ ಕೂರದಂತೆ ಆಕಾರವಿರಬೇಕು. ಬೀಗದಂತೆ ಕ್ಲಿಕ್ಕಾಗಿ ಕೂರಬೇಕು. ಕರೆಂಟು ಬರುವ ಕಡೆ ಹೆಣ್ಣು ಪಿನ್ನು ಇರಲಿ, ಬಿಚ್ಚಿಟ್ಟಾಗ ಅಕಸ್ಮಾತ್ ಮೈಗೆ ತಾಗಿ ಶಾರ್ಟ್ ಆಗದು. ಎರಡು ಮೂರು ಸಲ ಕತ್ತರಿಸಿ ಮತ್ತೆ ಕ್ರಿಂಪ್ ಮಾಡುವಷ್ಟು ವೈರು ಹೆಚ್ಚಿಗೆ ಬಿಡಬೇಕು. ಕನೆಕ್ಟರಿಗೆ ಮುಂಚೆ ವೈರು ಒಮ್ಮೆ ಕೆಳಗಿಳಿದು ಮೇಲೇರಲಿ. ವೈರಿನ ಗುಂಟ ಬಂದ ಮಳೆನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ವೈರಿನ ಗುರುತಿಗೆ ಅಂಟಿಸಿದ ಬಟ್ಟೆ, ಕಾಗದದ ಚೀಟಿ ಉದುರುತ್ತದೆ. ಪ್ರತಿ ವೈರಿನ ಎರಡೂ ತುದಿಗೆ ಸಂಖ್ಯೆ ಬರೆದು ಪಾರದರ್ಶಕ ಹೀಟ್ ಶ್ರಿಂಕ್ ಮುಚ್ಚಿ.

ಪೆಟ್ರೋಲಿನ ಪಕ್ಕದಲ್ಲಿ

1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಹೊರಟ ಟಿಡಬ್ಲ್ಯುಎ 800 ವಿಮಾನ ಆಕಾಶದಲ್ಲೇ ಸಿಡಿದು 230 ಜನ ಸತ್ತರು. ಸಿಡಿದದ್ದು ರೆಕ್ಕೆಗಳ ನಡುವಿನ ಇಂಧನ ಟ್ಯಾಂಕು. ಟ್ಯಾಂಕಿನ ಹೊರಗೆ ಎಲ್ಲೋ ಆದ ಶಾರ್ಟ್ ಸರ್ಕ್ಯೂಟಿನಿಂದ ಹೆಚ್ಚಿನ ವೋಲ್ಟೇಜು ಇಂಧನ ಮಟ್ಟ ಅಳೆಯುವ ವೈರಿಗೆ ನುಗ್ಗಿ ಟ್ಯಾಂಕಿನೊಳಗೆ ಕಿಡಿಯಾಗಿರುವ ಸಾಧ್ಯತೆಯೇ ಹೆಚ್ಚು ಎಂದು ತನಿಖಾ ಮಂಡಳಿ ಹೇಳಿತು. ಅಷ್ಟು ದೊಡ್ಡ ವಿಮಾನದ ಪಾಠ ಎರಡು ಆಸನದ ವಿಮಾನಕ್ಕೂ ಸಲ್ಲುತ್ತದೆ: ಇಂಧನ ಸೆಂಡರಿನ ವೈರು, ಹೀಟರು ಮತ್ತು ದೀಪದ ವೈರುಗಳ ಜೊತೆ ಒಂದೇ ಕಟ್ಟಿನಲ್ಲಿ ಹೋಗದಿರಲಿ.

ಪೆಟ್ರೋಲ್ ಪೈಪಿನ ಜೊತೆಯಲ್ಲೇ ವೈರು ಸಾಗಬೇಕಾದಾಗ ವೈರು ಮೇಲೆ, ಪೈಪು ಕೆಳಗೆ ಇರಬೇಕು, ಸೋರಿದ್ದು ವೈರಿನ ಮೇಲೆ ಬೀಳದಂತೆ. ಆರು ಅಂಗುಲ ದೂರ ಸಿಕ್ಕರೆ ಒಳ್ಳೆಯದು. ಯಾವ ಕಾರಣಕ್ಕೂ ಅರ್ಧ ಅಂಗುಲಕ್ಕಿಂತ ಹತ್ತಿರ ಕೂಡದು. ಕ್ಲಾಂಪಿನ ಹತ್ತಿರ ವೈರು ತುಂಡಾಯಿತು ಎಂದುಕೊಳ್ಳಿ. ಆ ತುಂಡು ನೇತಾಡಿ ಪೈಪಿಗೆ ಮುಟ್ಟಬಾರದು. ಹಾಗೆ ಲೆಕ್ಕ ಹಾಕಿ ಕ್ಲಾಂಪ್ ಕೂರಿಸಬೇಕು.

ಹಳೆಯ ಮಾದರಿಯ ಸ್ಟ್ರೋಬ್ ದೀಪಕ್ಕೆ ನೂರಾರು ವೋಲ್ಟ್ ಹೋಗುತ್ತದೆ. ಅದರ ವೈರಿಗೆ ಜಾಲರಿ ಹೊದಿಕೆ ಇರಬೇಕು, ಜಾಲರಿಯನ್ನು ವಿದ್ಯುತ್ ಪೆಟ್ಟಿಗೆಯ ಕಡೆಯೊಂದೇ ಗ್ರೌಂಡ್ ಮಾಡಬೇಕು. ಇಲ್ಲದಿದ್ದರೆ ಪ್ರತಿ ಮಿಣುಗಿಗೂ ಹೆಡ್‌ಫೋನಿನಲ್ಲಿ ಟಿಕ್ ಎನ್ನುತ್ತದೆ. ಎಲ್‌ಇಡಿ ಸ್ಟ್ರೋಬ್ ಬಂದ ಮೇಲೆ ಈ ತಲೆನೋವು ಬಹಳ ಕಡಿಮೆಯಾಗಿದೆ.

ಮಳೆ, ಇಲಿ, ಕುಂಬಾರ ಹುಳು

ಈ ಭಾಗ ಹೊರದೇಶದ ಕೈಪಿಡಿಗಳಲ್ಲಿ ನಮಗೆ ಬೇಕಾದಷ್ಟು ಇರುವುದಿಲ್ಲ. ಕೆಂಗೇರಿಯ ಬಯಲಿನಲ್ಲಿ ಕಾರು ನಿಲ್ಲಿಸುವವರಿಗೆ ಇಲಿ ವೈರು ಕಡಿಯುವುದು ಗೊತ್ತು. ನಿಂತ ರೆಕ್ಕೆ ಇಲಿಗೆ ಕಾರಿಗಿಂತ ಒಳ್ಳೆಯ ಮನೆ. ಕಟ್ಟುವ ತಿಂಗಳುಗಳಲ್ಲಿ ತೆರೆದ ಬುಡಕ್ಕೆ, ಪೈಪಿನ ಎರಡೂ ಬಾಯಿಗೆ ಉಕ್ಕಿನ ಜಾಲರಿ ಸಿಕ್ಕಿಸಿಡಬೇಕು. ಪಿಟೊ ಕೊಳವೆಯ ಬಾಯಿಯೋ, ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಲು ಹುಡುಕುವ ಅಳತೆಯದೇ. ಮನೆಯಲ್ಲಿ ಇರುವಾಗಲೂ ಅದಕ್ಕೆ ಕವರ್ ಇರಲಿ. ಹಾರುವ ಮುಂಚೆ ತೆಗೆಯಲು ಮರೆಯದಂತೆ ಕೆಂಪು ಪಟ್ಟಿ ಕಟ್ಟಿರಲಿ.

ಜೂನ್‌ನಿಂದ ಅಕ್ಟೋಬರ್ ತನಕ ನಮ್ಮ ಗಾಳಿ ಒದ್ದೆ. ರಾತ್ರಿಯ ತಂಪಿಗೆ ರೆಕ್ಕೆಯೊಳಗೆ ತೇವ ಹನಿಗಟ್ಟುತ್ತದೆ. ಕೆಳಹೊದಿಕೆಯ ನೀರು ಸೋರುವ ತೂತುಗಳನ್ನು ವೈರೋ ಕ್ಲಾಂಪೋ ಮುಚ್ಚಬಾರದು. ಅಲ್ಯೂಮಿನಿಯಂಗೆ ತಾಮ್ರದ ಟರ್ಮಿನಲ್ ಕೂರಿಸುವ ಗ್ರೌಂಡಿನ ಜಾಗದಲ್ಲಿ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ತವರ ಲೇಪದ ಟರ್ಮಿನಲ್ ಬಿಗಿದು, ಮೇಲೆ ತೇವ ತಾಗದಂತೆ ಸೀಲ್ ಮಾಡಬೇಕು. ಅರೆಬರೆ ಉರಿಯುವ ದೀಪದ ದೂರು ಬಂದಾಗ ಮೊದಲು ನೋಡಬೇಕಾದ್ದು ಈ ಜಾಗ.

ಮುಚ್ಚುವ ದಿನ

ಮೊದಲು ಮೀಟರ್. ಪ್ರತಿ ವೈರು ಬುಡದಿಂದ ತುದಿಗೆ ಮುಟ್ಟುತ್ತಿದೆಯೇ, ಪಕ್ಕದ ವೈರಿಗೂ ರೆಕ್ಕೆಯ ಲೋಹಕ್ಕೂ ಮುಟ್ಟದೆ ಇದೆಯೇ ಎಂದು ಎರಡೂ ನೋಡಬೇಕು. ಮೊದಲನೆಯದನ್ನಷ್ಟೇ ನೋಡಿ ಬಿಡುವವರೇ ಹೆಚ್ಚು. ಆಮೇಲೆ 12 ವೋಲ್ಟಿನ ಬ್ಯಾಟರಿ ಕೊಟ್ಟು ದೀಪ, ಹೀಟರು ಎಲ್ಲವನ್ನೂ ಉರಿಸಿ, ಉರಿಯುತ್ತಿರುವಾಗಲೇ ತುದಿಯಲ್ಲಿ ವೋಲ್ಟೇಜು ಅಳೆಯಬೇಕು. ದೀಪ ಉರಿಸದೆ ಅಳೆದ ವೋಲ್ಟೇಜು ಏನನ್ನೂ ಹೇಳುವುದಿಲ್ಲ. ಒಬ್ಬರು ಮೀಟರ್ ನೋಡುತ್ತಿರುವಾಗ ಇನ್ನೊಬ್ಬರು ಪ್ರತಿ ಕನೆಕ್ಟರನ್ನು ಅಲುಗಾಡಿಸಲಿ. ಸಂಖ್ಯೆ ತುಸುವೂ ಕುಣಿಯಬಾರದು.

ನಿಮ್ಮ ಕೆಲಸವನ್ನು ನೀವೇ ಪರೀಕ್ಷಿಸಿದ್ದು ಸಾಲದು. ಎಚ್‌ಎಎಲ್‌ನಿಂದ, ಎನ್‌ಎಎಲ್‌ನಿಂದ ನಿವೃತ್ತರಾದ ಎಷ್ಟೋ ತಂತ್ರಜ್ಞರು ಈ ಊರಿನಲ್ಲಿದ್ದಾರೆ. ಅವರಲ್ಲಿ ಒಬ್ಬರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ತೆರೆದ ರೆಕ್ಕೆಯ ಮುಂದೆ ಟಾರ್ಚು ಕೈಗಿಟ್ಟು ಕೂರಿಸಿ. ಅವರು ತೋರಿಸಿದ್ದನ್ನು ವಾದಿಸದೆ ಬಿಚ್ಚಿ ಮತ್ತೆ ಮಾಡಿ. ಸ್ಕೇಲ್ ಪಕ್ಕಕ್ಕಿಟ್ಟು ಪ್ರತಿ ರಿಬ್ಬಿನ ಫೋಟೊ ತೆಗೆದುಕೊಳ್ಳಿ. ಮುಂದೆ ಈ ವಿಮಾನ ಯಾರ ಕೈಗೆ ಹೋದರೂ ರೆಕ್ಕೆಯೊಳಗೆ ನೋಡಲು ಅವರಿಗಿರುವ ಕಿಟಕಿ ಆ ಫೋಟೊಗಳೇ. ಕೊನೆಯದಾಗಿ, ಪೈಪಿನಲ್ಲಿ ವೈರುಗಳ ಜೊತೆಗೆ ಒಂದು ಗಟ್ಟಿ ನೈಲಾನ್ ದಾರವನ್ನೂ ತುದಿಯಿಂದ ಬುಡದವರೆಗೆ ಎಳೆದು, ಎರಡೂ ಕಡೆ ಕಟ್ಟಿ ಬಿಟ್ಟು ಮುಚ್ಚಿ. ಮುಂದೆ ಯಾರಾದರೂ ಇನ್ನೊಂದು ವೈರು ಎಳೆಯಬೇಕಾದಾಗ ಆ ದಾರ ಅವರಿಗೆ ಬೇಕಾಗುತ್ತದೆ.